ಉಳದೇ ಬಿಟ್ಟ ಹೊಲಕ್ಕೆ ಸರ್ಕಾರದ ಬಾಡಿಗೆ: ಲಾಭ ಯಾರಿಗೆ, ನಷ್ಟ ಯಾರಿಗೆ?

ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. "ನಿಮ್ಮ ಹೊಲ ಉಳಬೇಡಿ, ಬಿತ್ತಬೇಡಿ, ಹುಲ್ಲು ಬೆಳೆಸಿ ಹಾಗೇ ಬಿಡಿ. ವರ್ಷಾ ವರ್ಷಾ ನಾವೇ ಬಾಡಿಗೆ ಕೊಡ್ತೀವಿ" ಅಂತ ಸರ್ಕಾರ ಹೇಳಿದ್ರೆ ನೀವು ಒಪ್ಕೊಳ್ತೀರಾ?

ಅಮೆರಿಕದಲ್ಲಿ ಇಂಥದ್ದೊಂದು ಯೋಜನೆ ನಿಜವಾಗ್ಲೂ ಇದೆ. ಹೆಸರು ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ, ಚಿಕ್ಕದಾಗಿ ಸಿಆರ್‌ಪಿ. 1985ರ ಕೃಷಿ ಕಾಯ್ದೆಯಲ್ಲಿ ಇದು ಬಂತು.

ಯಾಕೆ ಬಂತು? 1930ರ ದಶಕದಲ್ಲಿ ಅಲ್ಲಿನ ಬಯಲು ಸೀಮೆಯ ಮೇಲ್ಮಣ್ಣು ದೂಳಿನ ಬಿರುಗಾಳಿಯಾಗಿ ಹಾರಿಹೋಗಿತ್ತು. ಆ ಪಾಠ ಮರೆತು, 1970ರ ದಶಕದಲ್ಲಿ ಧಾನ್ಯಕ್ಕೆ ಒಳ್ಳೆ ಬೆಲೆ ಬಂದಾಗ ಇಳಿಜಾರು, ಬಡ ಮಣ್ಣಿನ ಜಮೀನನ್ನೂ ಉತ್ತರು. 80ರ ದಶಕದಲ್ಲಿ ಬೆಲೆ ಬಿತ್ತು, ಮಣ್ಣೂ ಕೊಚ್ಚಿ ಹೋಗ್ತಿತ್ತು. ಆ ಜಮೀನಿಗೆ ಕೆಲವು ವರ್ಷ ವಿಶ್ರಾಂತಿ ಕೊಡೋಣ ಅಂತ ಶುರುವಾಗಿದ್ದು ಈ ಯೋಜನೆ.

ಕೆಲಸ ಮಾಡೋದು ಹೀಗೆ. ಮಾಲೀಕರು ಸ್ಥಳೀಯ ಕೃಷಿ ಸೇವಾ ಕಚೇರಿಗೆ ಅರ್ಜಿ ಹಾಕ್ತಾರೆ. ಮಣ್ಣು, ನೀರು, ಕಾಡುಜೀವಿಗಳಿಗೆ ಎಷ್ಟು ಅನುಕೂಲ, ಸರ್ಕಾರಕ್ಕೆ ಎಷ್ಟು ಖರ್ಚು ಅಂತ ನೋಡಿ ಅರ್ಜಿಗೆ ಅಂಕ ಕೊಡ್ತಾರೆ. ಒಪ್ಪಿಗೆ ಸಿಕ್ಕರೆ 10ರಿಂದ 15 ವರ್ಷದ ಒಪ್ಪಂದ. ಆ ಭಾಗದ ಗುತ್ತಿಗೆ ದರ, ಮಣ್ಣಿನ ಗುಣ ನೋಡಿ ಎಕರೆಗೆ ಇಷ್ಟು ಅಂತ ಬಾಡಿಗೆ. ಹುಲ್ಲು, ಗಿಡ ನೆಡೋ ಖರ್ಚಿನಲ್ಲೂ ಸರ್ಕಾರದ ಪಾಲಿರುತ್ತೆ.

ಮಣ್ಣು ನಿಲ್ಲುತ್ತೆ, ಹಕ್ಕಿಗೆ ಗೂಡು ಸಿಗುತ್ತೆ, ಮಾಲೀಕರಿಗೆ ಖಚಿತ ಆದಾಯ. ಹಾಗಾದ್ರೆ ತಕರಾರು ಏನು?

ಈಗ ಊರಿನ ಕಡೆಯಿಂದ ನೋಡಿ. ಉಳುಮೆ ನಿಂತ್ರೆ ಬೀಜ, ಗೊಬ್ಬರ, ಡೀಸೆಲ್ ವ್ಯಾಪಾರವೂ ಕಡಿಮೆ. ಟ್ರ್ಯಾಕ್ಟರ್ ರಿಪೇರಿಯವರಿಗೆ ಕೆಲಸ ಇಲ್ಲ. ಮಾಲೀಕರು ದೂರದ ನಗರದಲ್ಲಿದ್ರೆ ಬಾಡಿಗೆ ಹಣವೂ ಅಲ್ಲಿಗೇ ಹೋಗುತ್ತೆ. ಹೊಸದಾಗಿ ಬೇಸಾಯ ಶುರು ಮಾಡೋ ಹುಡುಗ್ರಿಗೆ ಗುತ್ತಿಗೆಗೆ ಜಮೀನು ಸಿಗೋದು ಕಷ್ಟ, ಯಾಕಂದ್ರೆ ಅವರು ಸರ್ಕಾರದ ಜೊತೆಗೇ ಪೈಪೋಟಿ ಮಾಡ್ಬೇಕು.

ಅದಕ್ಕೇ ಕಾನೂನಿನಲ್ಲಿ ಒಂದು ಮಿತಿ ಇದೆ. ಕೌಂಟಿ, ಅಂದ್ರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಥರದ್ದು. ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ ಶೇ 25ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಈ ಯೋಜನೆಗೆ ಸೇರೋ ಹಾಗಿಲ್ಲ. 4 ಲಕ್ಷ ಎಕರೆ ಸಾಗುವಳಿ ಇದ್ರೆ, 1 ಲಕ್ಷ ಎಕರೆಗೆ ನಿಲ್ಲಬೇಕು. ಈ ಮಿತಿ ಮಣ್ಣಿಗಾಗಿ ಅಲ್ಲ, ಊರಿನ ಅಂಗಡಿ ಬಾಗಿಲು ಮುಚ್ಚಬಾರದು ಅಂತ.

ಇನ್ನೊಂದು ವಿಷಯ: ಇದು ಬಾಡಿಗೆ, ಖರೀದಿ ಅಲ್ಲ. 2007ರಲ್ಲಿ ಯೋಜನೆಯಲ್ಲಿ ಸುಮಾರು 3 ಕೋಟಿ 68 ಲಕ್ಷ ಎಕರೆ ಇತ್ತು. ಆಮೇಲೆ ಎಥನಾಲ್ ಬೇಡಿಕೆಯಿಂದ ಮೆಕ್ಕೆಜೋಳದ ಬೆಲೆ ಏರಿತು. ಒಪ್ಪಂದ ಮುಗಿದ ಎಷ್ಟೋ ಹೊಲಗಳನ್ನ ಮತ್ತೆ ಉತ್ತರು. ಹತ್ತು ವರ್ಷದಲ್ಲಿ ಅದು ಎರಡೂವರೆ ಕೋಟಿ ಎಕರೆಗೂ ಕೆಳಗಿಳಿಯಿತು.

ಹಾಗಾಗಿ ಮುಂದಿನ ಸಲ "ಸುಮ್ನೆ ಕೂತವರಿಗೆ ಸಬ್ಸಿಡಿ" ಅಂತ ಯಾರಾದ್ರೂ ಅಂದ್ರೆ, ಎರಡು ಪ್ರಶ್ನೆ ಕೇಳಿ. ಬಾಡಿಗೆ ನಿಂತ ದಿನ ಆ ಹುಲ್ಲಿನ ಗತಿ ಏನು? ಬಾಡಿಗೆ ಬರುತ್ತಿರೋವಷ್ಟು ದಿನ ಆ ಊರಲ್ಲಿ ಯಾರ ಕೈ ಖಾಲಿ ಇದೆ?