ಗಳಲೆ ಬೇನೆ: ಎಮ್ಮೆಯ ಗಂಟಲು, ಇಲಿಯ ಸಾಕ್ಷಿ

ಕಾರ ಹುಣ್ಣಿಮೆ ಸಮೀಪಿಸುತ್ತಿದ್ದಂತೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ದನಕರುಗಳಿಗೆ ಸಂಬಂಧಿಸಿದ ಎರಡು ಕೆಲಸಗಳು ಒಟ್ಟಿಗೇ ಬರುತ್ತವೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯುವುದು ಒಂದು. ಮುಂಗಾರು ಜೋರಾಗುವ ಮುನ್ನ ಪಶು ಆಸ್ಪತ್ರೆಯವರಿಂದ ಸೂಜಿ ಮಾಡಿಸುವುದು ಇನ್ನೊಂದು. ಮೊದಲನೆಯದನ್ನು ಯಾವ ರೈತನೂ ಮರೆಯುವುದಿಲ್ಲ. ಎರಡನೆಯದು ಹಾಗಲ್ಲ. ‘ನಮ್ಮ ಎಮ್ಮಿಗೆ ಏನಾಗೇತಿ, ಚಲೋ ಮೇಯಾಕತ್ತೇತಿ’ ಎಂದು ಮುಂದೂಡುವವರು ಎಲ್ಲ ಊರುಗಳಲ್ಲೂ ಇದ್ದಾರೆ.

ಹಾಗೆ ಮುಂದೂಡಿದ್ದು ದುಬಾರಿಯಾಗುವುದು ಒಂದೇ ರಾತ್ರಿಯಲ್ಲಿ. ಸಂಜೆ ಹಾಲು ಕೊಟ್ಟ ಎಮ್ಮೆ ರಾತ್ರಿ ಮೇವು ಬಿಡುತ್ತದೆ. ಮೈ ಕೆಂಡವಾಗುತ್ತದೆ, ಜ್ವರ 104ರಿಂದ 107 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರಬಹುದು. ಬಾಯಿಯಿಂದ ಜೊಲ್ಲು, ಮೂಗಿನಿಂದ ಸಿಂಬಳ ಇಳಿಯುತ್ತದೆ. ಬೆಳಗಾಗುವ ಹೊತ್ತಿಗೆ ಗಂಟಲ ಕೆಳಗೆ ಬಾವು ಕಾಣಿಸಿಕೊಂಡು ಗಂಗೆದೊಗಲಿನವರೆಗೆ ಹಬ್ಬಿರುತ್ತದೆ. ಉಸಿರಾಡಿದರೆ ಗೊರಗೊರ ಸದ್ದು. ಅಲ್ಲಿಂದ ಮುಂದೆ ಉಳಿಯುವುದು ಕೆಲವೇ ತಾಸು. ಹಳ್ಳಿಯವರು ಇದನ್ನು ಗಳಲೆ ಬೇನೆ, ಗಂಟಲು ಬ್ಯಾನಿ ಎನ್ನುತ್ತಾರೆ. ಪಶುವೈದ್ಯರ ಪುಸ್ತಕದಲ್ಲಿ ಅದರ ಹೆಸರು ಹೆಮರೇಜಿಕ್ ಸೆಪ್ಟಿಸೀಮಿಯಾ.

ಬಾವು ಕಂಡ ಜಾಗಕ್ಕೆ ಕಬ್ಬಿಣ ಕಾಯಿಸಿ ಬರೆ ಎಳೆಯುವುದು ಹಿಂದಿನಿಂದ ಬಂದ ಉಪಚಾರ. ಎಳೆದವರನ್ನು ಹಳಿಯುವುದು ಸುಲಭ. ಆದರೆ ಕಣ್ಣೆದುರು ಉಸಿರು ಕಟ್ಟುತ್ತಿರುವ ಪ್ರಾಣಿಗೆ ಏನಾದರೂ ಮಾಡಬೇಕೆಂಬ ತಳಮಳ ಅದರ ಹಿಂದಿತ್ತು. ತೊಂದರೆ ಏನೆಂದರೆ, ರೋಗ ಇರುವುದು ಗಂಟಲಿನಲ್ಲಲ್ಲ. ಗಂಟಲು ಬಾತುಕೊಳ್ಳುವ ಹೊತ್ತಿಗೆ ಅದು ರಕ್ತದಲ್ಲಿ ಮೈಯೆಲ್ಲ ಸುತ್ತಿರುತ್ತದೆ.

ನಂಜು ಎಂದರೆ ಏನು?

‘ಗಾಯ ನಂಜೇರಿತು’, ‘ನಂಜು ರಕ್ತಕ್ಕೆ ಹೋಯಿತು’ ಎಂಬ ಮಾತು ನಮ್ಮಲ್ಲಿ ಹಳೆಯದು. ವೈದ್ಯರು ಸೆಪ್ಸಿಸ್ ಎನ್ನುವುದೂ ಸುಮಾರಾಗಿ ಇದನ್ನೇ. ನಂಜು ಎಂದರೆ ವಿಷ. ಅದು ಹೊರಗಿನಿಂದ ಬಂದದ್ದು ಎಂಬ ಅರ್ಥ ಆ ಮಾತಿನಲ್ಲೇ ಇದೆ. ವಿಷವನ್ನು ಕುಡಿದು ಕಂಠದಲ್ಲೇ ನಿಲ್ಲಿಸಿಕೊಂಡ ದೇವರಿಗೆ ನಂಜುಂಡ ಎಂದು ಹೆಸರಾಯಿತು. ಆದರೆ ಈ ರೋಗದಲ್ಲಿ ಪ್ರಾಣಿಯನ್ನು ಕೊಲ್ಲುವ ನಂಜಿನ ದೊಡ್ಡ ಪಾಲು ಹೊರಗಿನದಲ್ಲ, ಒಳಗಿನದು.

ಗಳಲೆ ಬೇನೆಯ ರೋಗಾಣುವಿನ ಹೆಸರು ಪಾಶ್ಚುರೆಲ್ಲಾ ಮಲ್ಟೋಸಿಡಾ. ಅನೇಕರನ್ನು ಕೊಲ್ಲುವಂಥದ್ದು ಎಂಬುದು ಮಲ್ಟೋಸಿಡಾ ಪದದ ಅರ್ಥ. ಇದರ ಹೊರಗೋಡೆಯಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತು ಇದೆ. ಅದು ತಾನೇ ಅಂಗಾಂಗಗಳನ್ನು ಸುಡುವ ಆಮ್ಲವೇನಲ್ಲ. ಶರೀರದ ರಕ್ಷಣಾ ವ್ಯವಸ್ಥೆಗೆ ಅದು ಶತ್ರುವಿನ ಗುರುತು, ಅಷ್ಟೇ. ಆ ಗುರುತು ಕಂಡೊಡನೆ ಬಿಳಿ ರಕ್ತಕಣಗಳು ಎಚ್ಚರಿಕೆಯ ರಾಸಾಯನಿಕಗಳನ್ನು ಸುರಿಸುತ್ತವೆ. ಜ್ವರ ಏರುತ್ತದೆ, ರಕ್ತನಾಳಗಳು ಸಡಿಲಗೊಂಡು ಒಳಗಿನ ದ್ರವ ಹೊರಗೆ ಸೋರುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.

ಸೋಂಕು ಒಂದು ಮೂಲೆಯಲ್ಲಿದ್ದರೆ ಇದೆಲ್ಲ ಒಳ್ಳೆಯದೇ. ಹಿತ್ತಲಿನ ಒಂದು ಬಣವೆಗೆ ಬೆಂಕಿ ಬಿದ್ದಾಗ ಊರವರು ಓಡಿ ಬಂದು ನೀರು ಸುರಿಯುತ್ತಾರೆ, ಅಕ್ಕಪಕ್ಕದ ಚಪ್ಪರ ಕಿತ್ತು ಹಾಕುತ್ತಾರೆ, ಊರು ಉಳಿಯುತ್ತದೆ. ಆದರೆ ಎಲ್ಲ ಓಣಿಗಳಲ್ಲೂ ಒಮ್ಮೆಗೇ ಬೆಂಕಿಯ ಕೂಗೆದ್ದರೆ? ಪ್ರತಿ ಮನೆಯ ಚಾವಣಿಯನ್ನೂ ಕಿತ್ತರೆ ಊರಿನಲ್ಲಿ ಉಳಿಯುವುದಾದರೂ ಏನು? ಎಮ್ಮೆಯ ಗಂಟಲಿನ ಬಾವು ಹೀಗೆ ಸೋರಿದ ದ್ರವವೇ. ರಕ್ತದೊತ್ತಡ ಕುಸಿದು, ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಿ ಸಾಯುತ್ತದೆ.

ಇದನ್ನು ಅನುಮಾನಕ್ಕೆಡೆಯಿಲ್ಲದಂತೆ ತೋರಿಸಿದ ಪ್ರಯೋಗ ನಡೆದದ್ದು ಎಮ್ಮೆ ಕರುಗಳ ಮೇಲೆ. ಬದುಕಿರುವ ಒಂದೇ ಒಂದು ರೋಗಾಣುವೂ ಇಲ್ಲದಂತೆ ಶುದ್ಧಗೊಳಿಸಿದ ಎಂಡೋಟಾಕ್ಸಿನ್ನನ್ನು ಅವುಗಳ ರಕ್ತಕ್ಕೆ ಸೇರಿಸಿದಾಗ ಗಳಲೆ ಬೇನೆಯನ್ನೇ ಹೋಲುವ ಲಕ್ಷಣಗಳು ಕಂಡವು. ಕೊನೆಯ ಹಂತದಲ್ಲಿ ಎಷ್ಟೇ ಬಲವಾದ ಆ್ಯಂಟಿಬಯಾಟಿಕ್ ಕೊಟ್ಟರೂ ಎಮ್ಮೆ ಉಳಿಯದಿರುವುದಕ್ಕೆ ಕಾರಣ ಇಲ್ಲಿದೆ. ಔಷಧಿ ರೋಗಾಣುವನ್ನು ಕೊಲ್ಲಬಹುದು. ಸತ್ತ ರೋಗಾಣುವಿನ ಗೋಡೆ ಒಡೆದು ರಕ್ತದಲ್ಲೇ ಉಳಿಯುತ್ತದೆ. ಜ್ವರ ಬಂದ ಮೊದಲ ತಾಸುಗಳಲ್ಲಿ ಕೊಟ್ಟರೆ ಮಾತ್ರ ಅದೇ ಔಷಧಿಗೆ ಬೆಲೆ.

ಕೋಳಿಯಿಂದ ಹುಬ್ಬಳ್ಳಿಗೆ

ಈ ರೋಗಾಣುವಿಗೆ ಲೂಯಿ ಪಾಶ್ಚರ್ ಹೆಸರು ಬಂದದ್ದು ಕೋಳಿಗಳಿಂದ. 1879-80ರಲ್ಲಿ ಫ್ರಾನ್ಸಿನಲ್ಲಿ ಪಾಶ್ಚರ್ ಕೋಳಿ ಕಾಲರಾ ರೋಗವನ್ನು ಅಭ್ಯಾಸ ಮಾಡುತ್ತಿದ್ದರು. ಹಳತಾಗಿ ಶಕ್ತಿಗುಂದಿದ ರೋಗಾಣುಗಳನ್ನು ಚುಚ್ಚಿದ ಕೋಳಿಗಳು ಬದುಕಿದವು. ಆಮೇಲೆ ತಾಜಾ ರೋಗಾಣು ಚುಚ್ಚಿದರೂ ಅವು ಸಾಯಲಿಲ್ಲ. ರೋಗಾಣುವನ್ನು ಪ್ರಯೋಗಶಾಲೆಯಲ್ಲೇ ದುರ್ಬಲಗೊಳಿಸಿ ಲಸಿಕೆ ಮಾಡಬಹುದೆಂದು ಹೊಳೆದದ್ದು ಅಲ್ಲಿ. ರಜೆಗೆ ಹೋದ ಸಹಾಯಕನ ಮರೆವಿನಿಂದ ಇದೆಲ್ಲ ಆಯಿತೆಂಬ ಕಥೆ ಶಾಲಾ ಪುಸ್ತಕಗಳಲ್ಲಿ ಬರುತ್ತದೆ. ಪಾಶ್ಚರರ ಟಿಪ್ಪಣಿ ಪುಸ್ತಕಗಳನ್ನು ಓದಿದ ಇತಿಹಾಸಕಾರರು ಅದು ಅಷ್ಟು ಸರಳವಾಗಿರಲಿಲ್ಲ ಎನ್ನುತ್ತಾರೆ. ಆ ಕೋಳಿಗಳ ರೋಗಾಣು, ನಮ್ಮ ಎಮ್ಮೆಗಳನ್ನು ಕೊಲ್ಲುವುದು ಎರಡೂ ಒಂದೇ ಜಾತಿಯವು, ಬಗೆ ಮಾತ್ರ ಬೇರೆ.

ಇದೇ ಪಾಶ್ಚುರೆಲ್ಲಾ ಎಂಬ ಹೆಸರಿನಡಿ ಹಳೆಯ ಪುಸ್ತಕಗಳು ಇನ್ನೊಂದು ರೋಗಾಣುವನ್ನೂ ಸೇರಿಸಿದ್ದವು. ಅದು ಪ್ಲೇಗ್. ಈಗ ಅದಕ್ಕೆ ಯೆರ್ಸಿನಿಯಾ ಎಂಬ ಬೇರೆ ಹೆಸರಿದೆ. ಪ್ಲೇಗು ಕೂಡ ಗಡ್ಡೆಯಾಗಿ ಶುರುವಾಗಿ ರಕ್ತದ ನಂಜಾಗಿ ಮುಗಿಯುವ ಕಾಯಿಲೆಯೇ. 1896ರಲ್ಲಿ ಅದು ಮುಂಬೈಗೆ ಬಂದಾಗ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ವಾಲ್ಡೆಮರ್ ಹಾಫ್‌ಕಿನ್ ಅಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಲಸಿಕೆಗೆ ತೊಡಗಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ರೋಗಾಣು ಅದಕ್ಕೆ ಅಂಟಿಕೊಂಡು ಸೊಂಪಾಗಿ ಬೆಳೆಯುತ್ತದೆಂದು ಅವರು ಕಂಡುಕೊಂಡರು. ಹಾಗೆ ಬೆಳೆದದ್ದನ್ನು ಕಾಯಿಸಿ ಕೊಂದು ಮೊದಲು ಮೊಲಗಳಿಗೆ ಚುಚ್ಚಿದರು. ಮೊಲಗಳು ಪ್ಲೇಗಿಗೆ ಜಗ್ಗದಿದ್ದಾಗ, 1897ರ ಜನವರಿ 10ರಂದು ತಮಗೇ ಚುಚ್ಚಿಕೊಂಡರು.

ಪ್ಲೇಗು ಧಾರವಾಡ ಜಿಲ್ಲೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಆಗ ಇಂದಿನ ಹಾವೇರಿ ಜಿಲ್ಲೆ ಇರಲಿಲ್ಲ. ಅದು ಆದದ್ದು 1997ರಲ್ಲಿ. ಹಾನಗಲ್ ಧಾರವಾಡ ಜಿಲ್ಲೆಯ ತಾಲ್ಲೂಕಾಗಿತ್ತು. ಶಿಗ್ಗಾವಿಯು ಬಂಕಾಪುರ ತಾಲ್ಲೂಕಿನ, ಹಿರೇಕೆರೂರು ಕೋಡ ತಾಲ್ಲೂಕಿನ ಮುಖ್ಯ ಊರಾಗಿದ್ದವು. ಸವಣೂರಿನಲ್ಲಿ ನವಾಬರ ಆಳ್ವಿಕೆ. ಮಾಡಿನಿಂದ ಇಲಿ ಸತ್ತು ಬಿದ್ದಿತೆಂದರೆ ಮನೆ ಮಂದಿಯೆಲ್ಲ ಗಂಟುಮೂಟೆ ಕಟ್ಟಿ ಹೊಲದ ಗುಡಿಸಲಿಗೆ ಹೋಗುತ್ತಿದ್ದ ಕಾಲ ಅದು. ಇಲಿಯ ಸಾವು ಮನುಷ್ಯನ ಸಾವಿನ ಮುನ್ಸೂಚನೆ ಎಂಬುದನ್ನು ಜನ ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಅರಿತಿದ್ದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಫ್‌ಕಿನ್ ಲಸಿಕೆ ಚುಚ್ಚಿಸಿಕೊಂಡರು. ಆ ಕಾಲದ ಅತಿ ದೊಡ್ಡ ಲಸಿಕೆ ಕಾರ್ಯಗಳಲ್ಲಿ ಅದೊಂದು. ಮೊಲಗಳು ಹೇಳಿದ ಮಾತು ಹುಬ್ಬಳ್ಳಿಯ ಓಣಿಗಳಲ್ಲೂ ಬಹುಮಟ್ಟಿಗೆ ನಿಜವಾಯಿತು.

ಬಿಳಿ ಇಲಿ ಹೇಳುವ ನಿಜ

ಗಳಲೆ ಬೇನೆಯ ವಿಷಯದಲ್ಲೂ ಇಲಿ ನಂಬಿಕಸ್ಥ ಸಾಕ್ಷಿ. ಹಳ್ಳಿಯಲ್ಲಿ ಎಮ್ಮೆ ಸತ್ತು ಕೊಳೆಯಲು ಶುರುವಾದರೂ ಉದ್ದ ಮೂಳೆಯೊಳಗಿನ ನೆಣ ಕೆಲಕಾಲ ಕೆಡದೆ ಇರುತ್ತದೆ. ಆ ಮೂಳೆಯನ್ನು ಪ್ರಯೋಗಶಾಲೆಗೆ ಕಳಿಸಿ, ನೆಣದ ಅಂಶವನ್ನು ಬಿಳಿ ಇಲಿಗೋ ಮೊಲಕ್ಕೋ ಚುಚ್ಚುವುದು ಬಹುಕಾಲದ ಪದ್ಧತಿ. ರೋಗ ಗಳಲೆಯೇ ಆಗಿದ್ದರೆ ಆ ಪ್ರಾಣಿ ಒಂದೆರಡು ದಿನದೊಳಗೆ ಸಾಯುತ್ತದೆ. ಅದರ ರಕ್ತದಲ್ಲಿ ಬೇರೆ ಕೊಳೆಯ ಸೋಂಕಿಲ್ಲದೆ ಈ ರೋಗಾಣುವೊಂದೇ ತುಂಬಿಕೊಂಡಿರುತ್ತದೆ. ಲಸಿಕೆಯ ಗುಣಮಟ್ಟ ತಿಳಿಯಲೂ ಇಲಿ ಬೇಕು. ಲಸಿಕೆ ಹಾಕಿದ ದನದ ರಕ್ತದ ತಿಳಿಯನ್ನು ಇಲಿಗೆ ಕೊಟ್ಟು, ಆಮೇಲೆ ರೋಗಾಣು ಚುಚ್ಚಿ, ಇಲಿ ಉಳಿಯುತ್ತದೆಯೇ ಎಂದು ನೋಡುತ್ತಾರೆ. ಇಲಿ ಉಳಿದರೆ ದನವೂ ಉಳಿಯುತ್ತದೆಂಬ ಲೆಕ್ಕ.

ಇಲಿಗೂ ನೋವಿದೆ ಎಂಬುದನ್ನು ಇಲ್ಲಿ ಮರೆಮಾಚುವಂತಿಲ್ಲ. ಪ್ರಾಣಿ ಹಿಂಸೆ ತಡೆಯ 1960ರ ಕಾಯ್ದೆಯಡಿ ನಮ್ಮಲ್ಲಿ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡಲು ಸಮಿತಿಯಿದೆ. 1998ರ ನಿಯಮಗಳ ಪ್ರಕಾರ ಪ್ರಯೋಗ ನಡೆಸುವ ಸಂಸ್ಥೆ ನೋಂದಣಿ ಮಾಡಿಸಬೇಕು, ಅನುಮತಿ ಪಡೆಯಬೇಕು. ಇಷ್ಟೆಲ್ಲ ಜೀವಗಳ ವೆಚ್ಚದಲ್ಲಿ ಸಿಗುವ ಉತ್ತರ ನಿಜವೇ ಎಂಬ ಪ್ರಶ್ನೆ ಅದಕ್ಕೇ ಬಲು ಮುಖ್ಯ.

ಅದೇ ಇಲಿ ಹೇಳಿದ ಸುಳ್ಳು

ಲಸಿಕೆಯ ವಿಷಯದಲ್ಲಿ ನಿಜ ಹೇಳಿದ ಇಲಿ, ಮನುಷ್ಯನ ಸೆಪ್ಸಿಸ್‌ಗೆ ಔಷಧಿ ಹುಡುಕುವಾಗ ಮತ್ತೆ ಮತ್ತೆ ದಾರಿ ತಪ್ಪಿಸಿತು. ಸೆಪ್ಸಿಸ್ ಸಣ್ಣ ಕಾಯಿಲೆಯಲ್ಲ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಅದು ಬಂದು 1.1 ಕೋಟಿ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆ ವರ್ಷದ ಐದು ಸಾವುಗಳಲ್ಲಿ ಒಂದು.

1985ರಲ್ಲಿ ಅಮೆರಿಕದ ವಿಜ್ಞಾನಿಗಳು ಎಚ್ಚರಿಕೆಯ ರಾಸಾಯನಿಕಗಳಲ್ಲಿ ಒಂದನ್ನು ತಡೆದು ಎಂಡೋಟಾಕ್ಸಿನ್‌ನಿಂದ ಇಲಿಗಳನ್ನು ಉಳಿಸಿದರು. ಟಿಎನ್‌ಎಫ್ ಎಂಬ ಆ ರಾಸಾಯನಿಕವನ್ನು ತಡೆಯುವ ಔಷಧಿಗಳನ್ನು 1990ರ ದಶಕದಲ್ಲಿ ರೋಗಿಗಳಿಗೆ ಕೊಟ್ಟಾಗ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಬಬೂನ್ ಕೋತಿಗಳನ್ನು ಉಳಿಸಿದ ಇನ್ನೊಂದು ವಸ್ತು ಔಷಧಿಯಾಗಿ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಜಿಗ್ರಿಸ್ ಎಂಬ ಹೆಸರಿನ ಆ ಔಷಧಿಯನ್ನು 2011ರಲ್ಲಿ ಕಂಪನಿಯೇ ಹಿಂದಕ್ಕೆ ತೆಗೆದುಕೊಂಡಿತು. ಮನುಷ್ಯ, ಇಲಿ ಇಬ್ಬರ ಜೀನುಗಳ ಪ್ರತಿಕ್ರಿಯೆಯನ್ನು ಹೋಲಿಸಿದ 2013ರ ಅಧ್ಯಯನವೊಂದು ಎರಡಕ್ಕೂ ತಾಳೆಯಿಲ್ಲ ಎಂದಿತು. ತಮಾಷೆಯೆಂದರೆ, ಅದೇ ಅಂಕಿಅಂಶಗಳನ್ನು ಬೇರೆ ರೀತಿ ಲೆಕ್ಕ ಹಾಕಿದ ಜಪಾನಿನ ವಿಜ್ಞಾನಿಗಳು ಮರುವರ್ಷ, ಚೆನ್ನಾಗಿಯೇ ತಾಳೆಯಾಗುತ್ತದೆ ಎಂದರು.

ತಪ್ಪು ಇಲಿಯದೋ, ಇಲಿಗೆ ಕೇಳಿದ ಪ್ರಶ್ನೆಯದೋ? ಎಂಡೋಟಾಕ್ಸಿನ್ ತಾಳಿಕೊಳ್ಳುವುದರಲ್ಲಿ ಇಲಿ ಮನುಷ್ಯನಿಗಿಂತ ಎಷ್ಟೋ ಪಟ್ಟು ಗಟ್ಟಿ. ಪ್ರಯೋಗದ ಇಲಿಗಳೆಲ್ಲ ಒಂದೇ ವಂಶದ, ಒಂದೇ ವಯಸ್ಸಿನ ಎಳೆಯವು. ಕೊಳೆಯೇ ಕಾಣದ ಗೂಡುಗಳಲ್ಲಿ ಬೆಳೆದವು. ಆಸ್ಪತ್ರೆಯಲ್ಲಿ ಮಲಗುವ ರೋಗಿಗೆ ಎಪ್ಪತ್ತು ವರ್ಷವಾಗಿರಬಹುದು, ಸಕ್ಕರೆ ಕಾಯಿಲೆ ಇರಬಹುದು. ಇಲಿಗೆ ಔಷಧಿ ಕೊಡುವುದು ಸಾಮಾನ್ಯವಾಗಿ ಸೋಂಕಿಗೆ ಮುಂಚೆ ಅಥವಾ ಅದರ ಜೊತೆಗೇ. ರೋಗಿ ಬರುವುದು ಎರಡು ದಿನ ಜ್ವರದಲ್ಲಿ ನರಳಿದ ಮೇಲೆ. ಸಾಕುಪ್ರಾಣಿ ಅಂಗಡಿಗಳಿಂದ ತಂದ, ನಾಲ್ಕು ಕಾಯಿಲೆ ಕಂಡ ಇಲಿಗಳ ರಕ್ಷಣಾ ವ್ಯವಸ್ಥೆ ವಯಸ್ಕ ಮನುಷ್ಯನದನ್ನು ಹೆಚ್ಚು ಹೋಲುತ್ತದೆಂದು 2016ರಲ್ಲಿ ತಿಳಿಯಿತು.

ಹಾಗೆಂದು ಇಲಿಯನ್ನು ತಳ್ಳಿಹಾಕುವಂತಿಲ್ಲ. ಎಂಡೋಟಾಕ್ಸಿನ್ ಚುಚ್ಚಿದರೂ ಸಾಯದ ಒಂದು ವಂಶದ ಇಲಿಗಳಿದ್ದವು. ಅವುಗಳಲ್ಲಿ ಕೆಟ್ಟಿದ್ದ ಜೀನನ್ನು ಹುಡುಕಿ, ಶರೀರ ಆ ವಿಷವನ್ನು ಗುರುತಿಸುವ ಬಗೆಯನ್ನು 1998ರಲ್ಲಿ ತೋರಿಸಿದ ಬ್ರೂಸ್ ಬ್ಯೂಟ್ಲರ್ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಈ ಇಲಿಗಳಲ್ಲಿ ಇನ್ನೊಂದು ಗುಟ್ಟೂ ಇತ್ತು. ವಿಷಕ್ಕೆ ಜಗ್ಗದ ಅವು ಜೀವಂತ ಸಾಲ್ಮೊನೆಲ್ಲಾ ರೋಗಾಣು ಹೊಕ್ಕರೆ ಉಳಿದ ಇಲಿಗಳಿಗಿಂತ ಸುಲಭವಾಗಿ ಸಾಯುತ್ತಿದ್ದವು. ಕೂಗೇ ಏಳದ ಊರಿನಲ್ಲಿ ಚಾವಣಿಗಳು ಉಳಿಯುತ್ತವೆ, ಬೆಂಕಿ ಮಾತ್ರ ಆರುವುದಿಲ್ಲ. ಕೂಗನ್ನು ಅಡಗಿಸುವ ಔಷಧಿಗಳು ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಮೇ ತಿಂಗಳ ಸೂಜಿ, ದೀಪಾವಳಿಯ ಹೋರಿ

ಎಮ್ಮೆಗೆ ಈ ಗೊಂದಲವಿಲ್ಲ. ರೋಗವೂ ಅದರದೇ, ಪ್ರಯೋಗವೂ ಅದರ ಮೇಲೆಯೇ ನಡೆದದ್ದು. ಶ್ರೀಲಂಕಾದ ಡಿ ಆಲ್ವಿಸ್ ಮತ್ತು ಸಂಗಡಿಗರ ಕೆಲಸದಿಂದ ತಿಳಿದುಬಂದ ಸಂಗತಿಯೆಂದರೆ, ರೋಗ ಬಂದು ಹೋದ ಹಿಂಡಿನಲ್ಲಿ ಕೆಲವು ದನಗಳು ಆರೋಗ್ಯವಾಗಿದ್ದೇ ಗಂಟಲಿನ ಟಾನ್ಸಿಲ್‌ಗಳಲ್ಲಿ ರೋಗಾಣುವನ್ನು ಇಟ್ಟುಕೊಂಡಿರುತ್ತವೆ. ದಣಿವು, ಮೇವಿನ ಕೊರತೆ, ಮಳೆಯಲ್ಲಿ ನೆನೆಯುವುದು, ದೂರದ ಪ್ರಯಾಣ ಇವುಗಳಿಂದ ದನ ಬಳಲಿದಾಗ ಅದು ಹೊರಬೀಳುತ್ತದೆ. ಒದ್ದೆ ನೆಲದಲ್ಲಿ, ನಿಂತ ನೀರಿನಲ್ಲಿ ಅದು ಒಣ ನೆಲದಲ್ಲಿಗಿಂತ ಹೆಚ್ಚು ಹೊತ್ತು ಬದುಕುತ್ತದೆ. ಮಲೆನಾಡಿನ ಸೆರಗಿನಲ್ಲಿರುವ, ಕೆರೆ ಮತ್ತು ಭತ್ತದ ಗದ್ದೆಗಳ ಹಾನಗಲ್, ಹಿರೇಕೆರೂರು ಕಡೆ ಮುಂಗಾರಿನಲ್ಲಿ ಒದ್ದೆ ನೆಲಕ್ಕೆ ಬರವಿಲ್ಲ. ವರ್ಷವಿಡೀ ಉಳುಮೆ ಮಾಡಿದ ಎತ್ತು, ಬೇಸಿಗೆಯಲ್ಲಿ ಮೇವಿಲ್ಲದೆ ಸೊರಗಿದ ಎಮ್ಮೆ ಆ ನೆಲದಲ್ಲೇ ಮೇಯಬೇಕು.

ಲಸಿಕೆಯಲ್ಲೂ ಬಗೆಗಳಿವೆ. ಅಲಂ ಸೇರಿಸಿದ್ದು ತೆಳುವಾಗಿರುತ್ತದೆ, ಚುಚ್ಚಲು ಸುಲಭ. ಅದರ ಬಲ ನಾಲ್ಕರಿಂದ ಆರು ತಿಂಗಳು. ಎಣ್ಣೆ ಬೆರೆಸಿದ್ದರ ಬಲ ಒಂಬತ್ತರಿಂದ ಹನ್ನೆರಡು ತಿಂಗಳು. ಆದರೆ ಅದು ಮಂದವಾಗಿದ್ದು ಸೂಜಿಯಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಕೆಲವೊಮ್ಮೆ ಚುಚ್ಚಿದ ಜಾಗ ಬಾತುಕೊಳ್ಳುತ್ತದೆ. ಗದ್ದೆಗೆ ಇಳಿಯಬೇಕಾದ ಎತ್ತಿನ ಕುತ್ತಿಗೆ ಬಾತರೆ ರೈತ ಮರುವರ್ಷ ಹಿಂದೆಮುಂದೆ ನೋಡುವುದು ಸಹಜ. ಮ್ಯಾನ್ಮಾರಿನಲ್ಲಿ 1989ರಿಂದ ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಬಳಸಿದರು. ಅದರ ಮೂಲ ಇಂಗ್ಲೆಂಡಿನ ಜಿಂಕೆಯೊಂದರಿಂದ ತೆಗೆದ ರೋಗಾಣು. ನಮ್ಮಲ್ಲಿ ರೂಢಿಯಲ್ಲಿರುವುದು ಸೂಜಿಯೇ.

ಲೆಕ್ಕ ಹಾಕಿದರೆ, ಮೇ ತಿಂಗಳಲ್ಲಿ ಹಾಕಿದ ಅಲಂ ಲಸಿಕೆ ಮುಂಗಾರನ್ನು ದಾಟಿಸುತ್ತದೆ. ಅದರ ಬಲ ತಗ್ಗುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ದೀಪಾವಳಿ ಬರುವುದೂ ಆಗಲೇ. ಹೋರಿ ಬೆದರಿಸುವ ಹಬ್ಬ ಶುರುವಾಗಿ, ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ಊರಿಂದ ಊರಿಗೆ ವಾಹನಗಳಲ್ಲಿ ಸಾಗಿಸಿ, ಹತ್ತಾರು ಹಳ್ಳಿಗಳ ಹೋರಿಗಳನ್ನು ಒಂದೇ ಅಖಾಡದಲ್ಲಿ ಓಡಿಸುವ ಕಾಲವದು. ಹೋರಿಗೆ ವರ್ಷವಿಡೀ ಹಿಂಡಿ, ಕಾಳು ತಿನ್ನಿಸಿ ಮಗನಂತೆ ಸಾಕಿದವರು ಸೆಪ್ಟೆಂಬರಿನಲ್ಲಿ ಒಮ್ಮೆ ಪಶುವೈದ್ಯರ ಬಳಿ ಹೋಗಿ, ಬೇಸಿಗೆಯಲ್ಲಿ ಹಾಕಿದ್ದು ಎಣ್ಣೆಯದೋ ಅಲಂನದೋ ಎಂದು ಕೇಳಬೇಕಾದದ್ದು ಇದಕ್ಕಾಗಿ.