ಬೇಡವಾದ ಮನೆವಿದ್ಯುತ್ ಸಂಪರ್ಕವನ್ನು ಮುಕ್ತಾಯಗೊಳಿಸುವ ಕ್ರಮ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಕೂಲಿಗಾಗಿಯೋ ಉದ್ಯೋಗಕ್ಕಾಗಿಯೋ ಮನೆಗೆ ಬೀಗವಿಕ್ಕಿ ಪರಸ್ಥಳಕ್ಕೆ ಹೋಗಿರುವ ಕುಟುಂಬಗಳುಂಟು. ದೀಪವಾರಿಸಿ ಹೋದ ಮಾತ್ರಕ್ಕೆ ವಿದ್ಯುಚ್ಛಕ್ತಿಯ ಲೆಕ್ಕವೂ ನಿಂತಿತೆಂದು ಭಾವಿಸುವವರುಂಟು. ಈ ಭಾವನೆಯು ಸರಿಯಾದುದಲ್ಲ. ಸಂಪರ್ಕವೆಂಬುದು ಗ್ರಾಹಕನಿಗೂ ಸರಬರಾಜು ಮಾಡುವ ನಿಗಮಕ್ಕೂ ನಡುವಣ ಕರಾರು. ಅದು ಮುಗಿಯುವವರೆಗೆ, ಒಂದು ಯೂನಿಟ್ಟನ್ನೂ ಉಪಯೋಗಿಸದಿದ್ದರೂ, ಮಂಜೂರಾದ ಕಿಲೋವಾಟಿಗನುಸಾರವಾಗಿ ನಿಗದಿತ ಶುಲ್ಕವು ಬೀಳುತ್ತಲೇ ಇರುವುದು. ಬಾಕಿಯ ಮೇಲೆ ಬಡ್ಡಿಯೂ ಸೇರುವುದು. 2023ನೆಯ ಇಸವಿಯಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಅನುಕೂಲವು ಒಬ್ಬ ಗ್ರಾಹಕನಿಗೆ ಒಂದೇ ಮೀಟರಿಗೆ ದೊರೆಯತಕ್ಕದ್ದು. ಆದುದರಿಂದ ಎರಡು ಮನೆಗಳುಳ್ಳ ಭೂಮಾಲಿಕರು ಎರಡನೆಯದರ ಲೆಕ್ಕವನ್ನು ವಿಚಾರಿಸಿಕೊಳ್ಳುವುದು ಯುಕ್ತ.

ಬಾಕಿಯಿಂದಾಗುವ ತೊಂದರೆಯು ಹಳೆಯ ಮಾಲಿಕನಲ್ಲಿಗೇ ನಿಲ್ಲುವುದಿಲ್ಲ. ಹಿಂದಿನ ಮಾಲಿಕನ ಬಾಕಿಯನ್ನು ತೀರಿಸಿದ ಬಳಿಕವೇ ಹೊಸ ಮಾಲಿಕನಿಗೆ ಸಂಪರ್ಕ ಕೊಡುವೆವೆಂದು ನಿಯಮ ಮಾಡಲು ಅವಕಾಶವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ತೀರ್ಮಾನಿಸಿದೆ. ಆದ್ದರಿಂದ ಮನೆಯನ್ನು ಕೊಳ್ಳುವವರು ಕ್ರಯಪತ್ರಕ್ಕೆ ಮೊದಲೇ ವಿದ್ಯುತ್ ಬಾಕಿಯಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಸಂಪರ್ಕವು ನಿಜವಾಗಿಯೂ ಬೇಡವಾದಲ್ಲಿ ಅನುಸರಿಸತಕ್ಕ ಕ್ರಮವು ಹೀಗಿದೆ:

1. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸ್ಥಳೀಯ ಕಚೇರಿಗೆ, ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯನ್ನು ಕಾಣಿಸಿ, ಲಿಖಿತ ಅರ್ಜಿಯನ್ನು ಕೊಡುವುದು. ಬಾಯಿಮಾತು ಸಾಲದು. ಅರ್ಜಿಯ ನಕಲಿನ ಮೇಲೆ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಳ್ಳುವುದು.

2. ಖಾತೆಯು ಮೃತರ ಹೆಸರಿನಲ್ಲಿದ್ದರೆ ವಾರಸುದಾರರು ತಮ್ಮ ಹಕ್ಕಿನ ದಾಖಲೆಗಳನ್ನೂ ಒಯ್ಯುವುದು.

3. ಕೊನೆಯ ಮೀಟರ್ ಓದಿಕೆಯನ್ನು ಎದುರಿನಲ್ಲಿಯೇ ಬರೆಯಿಸಿ, ಬಾಕಿಯನ್ನು ಸಲ್ಲಿಸಿ, ರಸೀತಿಯನ್ನು ಪಡೆಯುವುದು.

4. ಇಟ್ಟ ಭದ್ರತಾ ಠೇವಣಿಯನ್ನು ಹಿಂದಿರುಗಿಸುವಂತೆ ಅದೇ ಅರ್ಜಿಯಲ್ಲಿ ಕೇಳುವುದು. 2003ನೆಯ ವಿದ್ಯುಚ್ಛಕ್ತಿ ಅಧಿನಿಯಮದ 47ನೆಯ ಪ್ರಕರಣದಂತೆ ಆ ಠೇವಣಿಗೆ ಬಡ್ಡಿಯೂ ಸಲ್ಲತಕ್ಕದ್ದು.

ಆದರೆ ಕೆಲವು ತಿಂಗಳಲ್ಲಿ ಮರಳಿ ಬರುವವರು ಆತುರಪಡಬಾರದು. ಹೊಸ ಸಂಪರ್ಕಕ್ಕೆ ಮತ್ತೆ ಠೇವಣಿಯೂ ಖರ್ಚೂ ತಗಲುವುದರಿಂದ, ನಿಗದಿತ ಶುಲ್ಕವನ್ನು ಅದರೊಡನೆ ತೂಗಿ ನೋಡುವುದು ಲೇಸು. ಬೀಗವಿಕ್ಕಿದ ಮನೆಯ ತಂತಿಯಿಂದ ನೆರೆಯವರು ವಿದ್ಯುತ್ತನ್ನು ಎಳೆದುಕೊಳ್ಳಲು ಎಡೆಗೊಡಬಾರದು. ಮೀಟರಿನ ಲೆಕ್ಕವು ಖಾತೆದಾರನ ಮೇಲೆಯೇ ಬರುವುದು, ಪ್ರಾಣಾಪಾಯವೂ ಉಂಟು.

ಹಳೆಯ ಬಾಕಿಯೆಂದು ಅಕಸ್ಮಾತ್ತಾಗಿ ಬಿಲ್ಲು ಬಂದರೆ ಗಾಬರಿಯಾಗಬೇಕಾದುದಿಲ್ಲ. ಮೊದಲು ಬಾಕಿಯಾದ ದಿನದಿಂದ ಎರಡು ವರ್ಷಗಳು ಕಳೆದ ಮೇಲೆ, ಬಿಲ್ಲುಗಳಲ್ಲಿ ಎಡೆಬಿಡದೆ ಬಾಕಿಯೆಂದು ಕಾಣಿಸುತ್ತ ಬಂದಿದ್ದ ಹೊರತು, ಅದನ್ನು ವಸೂಲು ಮಾಡುವಂತಿಲ್ಲವೆಂದು 56ನೆಯ ಪ್ರಕರಣವು ವಿಧಿಸಿದೆ. ಹಣ ಕೊಡದುದಕ್ಕಾಗಿ ಸಂಪರ್ಕ ಕಡಿಯಬೇಕಾದರೂ ಪೂರ್ಣ 15 ದಿನಗಳ ಲಿಖಿತ ನೋಟೀಸು ಅವಶ್ಯಕ. ದೂರುಗಳನ್ನು 1912ಕ್ಕೆ ದೂರವಾಣಿಯಿಂದ ತಿಳಿಸಬಹುದು. ಅದರಿಂದ ಪರಿಹಾರ ದೊರೆಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಆಮೇಲೆ ವಿದ್ಯುತ್ ಓಂಬುಡ್ಸ್‌ಮನ್‌ರಿಗೂ ಮನವಿ ಮಾಡಿಕೊಳ್ಳುವ ಹಕ್ಕನ್ನು 42ನೆಯ ಪ್ರಕರಣವು ಕೊಟ್ಟಿದೆ.

ಓದುಬರಹವಿಲ್ಲದ ವೃದ್ಧರೂ ವಿಧವೆಯರೂ ಈ ಕ್ರಮಗಳನ್ನು ಅರಿಯದೆ ಸಾಲಕ್ಕೆ ಒಳಗಾಗದಂತೆ ಗ್ರಾಮದ ಮುಖಂಡರು ಎಚ್ಚರ ವಹಿಸತಕ್ಕದ್ದು. ಒಂದು ಅರ್ಜಿಯನ್ನು ಬರೆದುಕೊಟ್ಟು ಅದರ ರಸೀತಿಯನ್ನು ಜೋಪಾನವಾಗಿಡಿಸಿದರೆ ಅದೇ ದೊಡ್ಡ ಉಪಕಾರವಾಗುವುದು.