ಚಿಗರೆ ಪುಡಿ ಕೂದಲನ್ನು ಬೆಳೆಸುತ್ತದೆಯೇ?

ಚಿಗರೆ ಪುಡಿ, ಸೀಗೆಕಾಯಿ ಹಚ್ಚಿ ತಲೆಗೆ ನೀರು ಹಾಕಿಕೊಂಡರೆ ಕೂದಲು ಉದ್ದ ಬೆಳೆಯುತ್ತದೆ ಎಂಬ ಮಾತನ್ನು ಈಗ ಶಾಂಪೂ ಬಾಟಲಿಗಳೂ ಕಲಿತುಬಿಟ್ಟಿವೆ. ಬೆಳೆಸುವ ಮಾತು ಸುಳ್ಳು, ತೊಳೆಯುವ ಮಾತು ನಿಜ. ಸೋಜಿಗ ಇರುವುದೂ ಆ ತೊಳೆಯುವುದರಲ್ಲೇ. ಚಿಗರೆ ಎಂದರೆ ಚುಜ್ಜಲು, ತುಗ್ಗಲಿ ಎಂದೂ ಕರೆಯುವ ಮರ. ಸಸ್ಯಶಾಸ್ತ್ರದಲ್ಲಿ ಆಲ್ಬಿಜಿಯಾ ಅಮಾರಾ. ಚಿತ್ರದುರ್ಗ, ಹಿರಿಯೂರು ಕಡೆಯ ಕುರುಚಲು ಕಾಡಿನ ಒಣ ನೆಲಕ್ಕೆ ಹೇಳಿ ಮಾಡಿಸಿದ ಮರವಿದು. ಇದರ ಎಲೆಯಲ್ಲೂ ಸೀಗೆ, ಅಂಟುವಾಳದ ಕಾಯಿಗಳಲ್ಲೂ ಸ್ಯಾಪೋನಿನ್ ಎಂಬ ನೊರೆ ಬರಿಸುವ ವಸ್ತುಗಳಿವೆ. ಅವುಗಳ ಅಣುವಿನ ಒಂದು ಭಾಗ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ಸಕ್ಕರೆಯಿಂದಾದ ಇನ್ನೊಂದು ಭಾಗ ನೀರಿನ ಜೊತೆ ಹೋಗುತ್ತದೆ. ಸಾಬೂನಿನ ಕೆಲಸವೂ ಇದೇ ತಾನೇ ಎನ್ನಬಹುದು. ಹೌದು, ಆದರೆ ಬೋರ್‌ವೆಲ್ಲಿನ ಗಡಸು ನೀರು ಬಿದ್ದಾಗ ಎರಡರ ಬಣ್ಣವೂ ಬಯಲಾಗುತ್ತದೆ. ಸಾಬೂನಿನ ಅಣುವಿನ ನೀರಿನತ್ತಣ ತುದಿಯಲ್ಲಿ ಋಣ ವಿದ್ಯುದಾವೇಶವಿದೆ; ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದಕ್ಕೆ ಗಂಟುಬಿದ್ದು ಕರಗದ ಗಸಿಯಾಗುತ್ತವೆ. ಆ ಗಸಿ ಮೆತ್ತಿಕೊಂಡೇ ಕೂದಲು ಬಿರುಸಾಗುವುದು. ಸ್ಯಾಪೋನಿನ್ನಿನ ಸಕ್ಕರೆಗೆ ಅಂಥ ಆವೇಶವಿಲ್ಲ, ಹಾಗಾಗಿ ಗಡಸು ನೀರಿನಲ್ಲೂ ಅದು ಅಷ್ಟಾಗಿ ಸೋಲುವುದಿಲ್ಲ. ಸಾಲದ್ದಕ್ಕೆ ಸಾಬೂನು ಕ್ಷಾರ. ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುವ ಕೂದಲಿನ ಹೊರಪದರ ಕ್ಷಾರ ತಾಗಿದರೆ ಎದ್ದು ನಿಲ್ಲುತ್ತದೆ, ಎಳೆಗೆ ಎಳೆ ಸಿಕ್ಕಿಕೊಳ್ಳುತ್ತದೆ. ಸೀಗೆಯ ರಸವೋ, ತುಸು ಹುಳಿ.

ಹಾಗಾದರೆ ಅಜ್ಜಿಯರ ಮಾರುದ್ದದ ಜಡೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೂದಲು ಬೆಳೆಯುವುದು ಚರ್ಮದೊಳಗಿನ ಬುಡದಲ್ಲಿ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಒಂದು ಎಳೆ ಎರಡು ವರ್ಷ ಬೆಳೆದು ಉದುರಬೇಕೋ ಆರು ವರ್ಷ ನಿಲ್ಲಬೇಕೋ ಎಂಬುದು ವಂಶ, ವಯಸ್ಸು, ಆರೋಗ್ಯಗಳಿಗೆ ಬಿಟ್ಟದ್ದು. ಹೊರಗೆ ಕಾಣುವ ಎಳೆ ಸತ್ತ ಕೆರಾಟಿನ್ ಪ್ರೋಟೀನ್. ಅದಕ್ಕೆ ದಾಸವಾಳ ಅರೆದು ಉಣಿಸಿದರೂ ಅದು ಉಣ್ಣುವುದಿಲ್ಲ, ದಾಸವಾಳದ ಲೋಳೆ ಮೇಲೆ ನುಣುಪು ಕೊಡುತ್ತದೆ, ಅಷ್ಟೆ. ಆದರೆ ಬೆಳೆದದ್ದು ಮುರಿಯದೆ ಉಳಿದರೆ ಜಡೆ ಉದ್ದವಾಗಿಯೇ ಕಾಣುತ್ತದೆ. ಹೊಸದುರ್ಗ, ಹೊಳಲ್ಕೆರೆಯ ತೋಟಗಳ ತೆಂಗಿಗೆ ಕೆಲಸವಿರುವುದು ಇಲ್ಲಿ. ಮುಂಬೈಯ ಸಂಶೋಧಕರಾದ ರೆಲೆ ಮತ್ತು ಮೊಹಿಲೆ 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದರು. ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಎಳೆಯ ಒಳಕ್ಕೆ ನುಸುಳಬಲ್ಲದು. ಅವರು ಕೆಲಸ ಮಾಡುತ್ತಿದ್ದ ಮಾರಿಕೋ ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲವೇ ಎಂಬ ಅನುಮಾನ ಸಹಜ, ಬೇಕಾದದ್ದೂ ಹೌದು. ಆದರೆ 2001ರಲ್ಲೇ ಅವರು ಪ್ರಿನ್ಸ್‌ಟನ್ನಿನ ಸಂಶೋಧಕರ ಜೊತೆಗೂಡಿ ನಡೆಸಿದ, ಅಣುಗಳನ್ನು ತೂಕದಿಂದ ಗುರುತಿಸುವ ದ್ರವ್ಯರಾಶಿ ರೋಹಿತ ಪರೀಕ್ಷೆಯಲ್ಲಿ ಈ ಎಣ್ಣೆ ಎಳೆಯೊಳಗೆ ಇಳಿದದ್ದೂ, ಖನಿಜ ತೈಲ ಇಳಿಯದೆ ಹೊರಗುಳಿದದ್ದೂ ಕಂಡಿತ್ತು.

ಇಷ್ಟು ಹೇಳಿದ ಮೇಲೂ ನೈಸರ್ಗಿಕವೆಂದರೆ ನಿರಪಾಯ ಎಂಬ ಮೂಢನಂಬಿಕೆ ಬೇಡ. ಸ್ಯಾಪೋನಿನ್ ಗಿಡವು ತನ್ನ ರಕ್ಷಣೆಗೆ ಮಾಡಿಕೊಂಡ ಅಸ್ತ್ರ. ಮೀನಿಗೆ ವಿಷ, ಕಣ್ಣಿಗೆ ಬಿದ್ದರೆ ಉರಿ. ಇನ್ನು ಬಾಟಲಿಯ ಮುಂದೆ ಸೀಗೆಕಾಯಿಯ ಚಿತ್ರವಿದ್ದರೆ ಹಿಂದೆ ತಿರುಗಿಸಿ ಓದಿ. ಹೆಚ್ಚು ಪ್ರಮಾಣದ ಸಾಮಗ್ರಿಯ ಹೆಸರು ಮೊದಲು ಬರುತ್ತದೆ. ನೀರಿನ ಬೆನ್ನಿಗೇ ಸೋಡಿಯಂ ಲಾರೆತ್ ಸಲ್ಫೇಟ್ ಎಂಬ ಮಾರ್ಜಕವಿದ್ದು, ಸೀಗೆ ಕೊನೆಯ ಸಾಲಿನಲ್ಲಿದ್ದರೆ, ನಿಮ್ಮ ತಲೆ ತೊಳೆಯುತ್ತಿರುವುದು ಸೀಗೆಯಲ್ಲ.